ಬಿರುಕು ಬಿಡುವ ಕಡಂಬುಟ್ಟು, ಬಣ್ಣ ಬಿಡುವ ಕಸೂತಿ

ಪ್ರಶ್ನೆ: ಬಾಲ್ಯದಲ್ಲಿ ತಿಂದಂಥ ಮೆತ್ತನೆಯ ಕಡಂಬುಟ್ಟು (ಕೊಡಗಿನ ಅಕ್ಕಿ ತರಿಯ ಹಬೆ ಉಂಡೆ) ನನಗೆ ಬರುತ್ತಿಲ್ಲ. ಉಂಡೆ ಬಿರುಕು ಬಿಡುತ್ತದೆ, ಬಟ್ಟೆಗೂ ಅಂಟುತ್ತದೆ. ಅಂಚಿಗೆ ಕಸೂತಿ ಹಾಕಿದ ಹಳೆಯ ಬಟ್ಟೆಯನ್ನು ಹಬೆಗೆ ಬಳಸಬಹುದೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಬಿರುಕಿಗೆ ಕಾರಣ ನೀರು ಕಡಿಮೆಯಾದದ್ದು, ಇಲ್ಲವೇ ಹಿಟ್ಟು ಆರಿದ ಮೇಲೆ ಉಂಡೆ ಕಟ್ಟಿದ್ದು. ಒಂದು ಲೋಟ ಅಕ್ಕಿ ತರಿಗೆ ಎರಡೂವರೆ ಲೋಟ ನೀರು; ಹಳೆ ಅಕ್ಕಿಯಾದರೆ ಇನ್ನೂ ಕಾಲು ಲೋಟ. ತರಿಯನ್ನು ಜರಡಿ ಹಿಡಿದು ನುಣ್ಣನೆಯ ಹುಡಿ ತೆಗೆಯಿರಿ. ಅದು ಉಳಿದರೇ ಅಂಟಂಟು. ಉಪ್ಪು ಹಾಕಿದ ನೀರು ಕುದಿಯುವಾಗ ತರಿ ಸುರಿದು, ಸಣ್ಣ ಉರಿಯಲ್ಲಿ ಕೈಯಾಡಿಸಿ, ನೀರು ಇಂಗಿದ ಮೇಲೆ ಹತ್ತು ನಿಮಿಷ ಮುಚ್ಚಿಡಿ. ಕೈಗೆ ನೀರು ಸವರಿಕೊಂಡು, ಬಿಸಿ ತಡೆಯುವಷ್ಟಾದ ಕೂಡಲೇ ನಾದಿ, ನಿಂಬೆ ಗಾತ್ರದ ಉಂಡೆ ಕಟ್ಟಿ 15ರಿಂದ 20 ನಿಮಿಷ ಹಬೆಯಲ್ಲಿಡಿ.

ಬಟ್ಟೆ ಬಿಳಿ ಹತ್ತಿಯದ್ದೇ ಇರಲಿ, ಒದ್ದೆ ಮಾಡಿ ಹಿಂಡಿ ಹಾಸಿ. ಕಸೂತಿ ಬಟ್ಟೆ ಮಾತ್ರ ಬೇಡವೇ ಬೇಡ. ಕೆಂಪು ದಾರ ಹಬೆಗೆ ಬಣ್ಣ ಬಿಟ್ಟರೆ ಉಂಡೆಯೂ ಕೆಟ್ಟಿತು, ಕೆಲಸವೂ ಕೆಟ್ಟಿತು. ಬೇಕಿದ್ದರೆ ಬಡಿಸುವ ಬುಟ್ಟಿಗೆ ಮುಚ್ಚಿ, ಪಂದಿ ಕರಿಯಿಂದ (ಹಂದಿ ಮಾಂಸದ ಖಾದ್ಯ) ದೂರವಿಡಿ. ಅಂಟಿದ ಹಿಟ್ಟನ್ನು ತಣ್ಣೀರಿನಲ್ಲಿ ನೆನೆಸಿ ತೆಗೆಯಿರಿ. ಬಿಸಿನೀರಿಗೆ ಅದು ಗಂಜಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ.