ಹವ್ಯಾಸದ ಸಂತೋಷ ಮರಳಿ ಬಂದದ್ದು ಒಂದು ಪುಟ್ಟ ಹರಿಕೇನ್ ವಿಮಾನದಿಂದ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಕಾಲೇಜು ದಿನಗಳಿಂದ ಪ್ರೀತಿಯಿಂದ ಮಾಡಿಕೊಂಡು ಬಂದ ಪ್ಲಾಸ್ಟಿಕ್ ಮಾದರಿಗಳ ಹವ್ಯಾಸ ಈಗ ಹೊರೆಯಾಗಿದೆ, ಬಿಚ್ಚದ ಪೆಟ್ಟಿಗೆಗಳು ಕಪಾಟಿನಲ್ಲಿ ಹೆಚ್ಚುತ್ತಲೇ ಇವೆ, ಮೇಜಿನ ಮೇಲಿನ ಕಿಟ್ ವರ್ಷದಿಂದ ಅರ್ಧಕ್ಕೇ ನಿಂತಿದೆ, ಎಲ್ಲವನ್ನೂ ಮಾರಿ ಕೈತೊಳೆದುಕೊಳ್ಳಲೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಮಾರಬೇಡಿ. ನಿಮಗೆ ಸಿಗುವ ಅತ್ಯಂತ ಸರಳವಾದ, 1/72 ಅಳತೆಯ (ಎಂದರೆ ನಿಜವಾದ ವಿಮಾನದ 72ನೇ ಒಂದು ಭಾಗದಷ್ಟಿರುವ) ಯುದ್ಧವಿಮಾನದ ಕಿಟ್ ಒಂದನ್ನು ತಂದು, ಪೆಟ್ಟಿಗೆಯಲ್ಲಿ ಇರುವುದಷ್ಟನ್ನೇ ಬಳಸಿ ಅದನ್ನು ಪೂರ್ತಿ ಮುಗಿಸಿ. ನಿಮ್ಮ ಸ್ಥಿತಿಯಲ್ಲೇ ಇದ್ದ ನನಗೆ ಹವ್ಯಾಸ ಮರಳಿ ದಕ್ಕಿದ್ದು ಹೀಗೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಶಿರಸಿ ಸಮೀಪದ ಒಂದು ಹಳ್ಳಿಯಲ್ಲಿ. ಕೆಲಸದ ನಿಮಿತ್ತ ಕಾರವಾರಕ್ಕೆ ಬಂದು 14 ವರ್ಷಗಳಾದವು. ಅಡಿಕೆ ಹಾಳೆಯನ್ನು ಕತ್ತರಿಸಿ, ತೆಂಗಿನಗರಿಯ ಕಡ್ಡಿ ಚುಚ್ಚಿ ವಿಮಾನ ಮಾಡುತ್ತಿದ್ದ ಹುಡುಗನಿಗೆ ನಿಜವಾದ ಕಿಟ್ ಕೊಳ್ಳುವ ಶಕ್ತಿ ಬಂದದ್ದು ಇಲ್ಲಿಗೆ ಬಂದ ಮೇಲೆಯೇ. ಐಎನ್‌ಎಸ್ ಕದಂಬ ನೌಕಾನೆಲೆ ಇರುವ ಊರಿದು. ವಿಮಾನವಾಹಕ ನೌಕೆ ವಿಕ್ರಮಾದಿತ್ಯದ ನೆಲೆಯೂ ಇದೇ. ಆ ನೌಕೆಯಿಂದ ಹಾರುವ ಮಿಗ್-29ಕೆ ವಿಮಾನವನ್ನು 1/48 ಅಳತೆಯಲ್ಲಿ, ಒಂದು ಮೊಳೆಯೂ ತಪ್ಪದಂತೆ ಮಾಡಬೇಕೆಂದು ಕೆಲವು ವರ್ಷಗಳ ಹಿಂದೆ ಹೊರಟೆ. ಕಿಟ್ಟಿನ ಜೊತೆಗೆ ರೆಸಿನ್ ಎಂಬ ಎರಕದ ಪ್ಲಾಸ್ಟಿಕ್ಕಿನ ಆಸನ ಬೇರೆ ತರಿಸಿದೆ. ಕಾಕ್‌ಪಿಟ್ಟಿಗೆಂದು ಕಾಗದದಷ್ಟು ತೆಳುವಾದ ಹಿತ್ತಾಳೆಯ ಬಿಡಿಭಾಗಗಳನ್ನು ಬೇರೆ ತರಿಸಿದೆ. ಕಾಕ್‌ಪಿಟ್ ಒಂದಕ್ಕೇ 7 ತಿಂಗಳು ಹಿಡಿಯಿತು. ಆ ಮೇಲೆ ಗಾಳಿ ಒಳಗೆಳೆಯುವ ಬಾಯಿಗಳ ಆಕಾರ ಸರಿಯಿಲ್ಲ ಎಂದು ಎಲ್ಲೋ ಓದಿ, ಅದನ್ನು ಸರಿಪಡಿಸುವುದು ಹೇಗೆಂದು ಯೋಚಿಸುತ್ತ, ವಿಮಾನವನ್ನು ಪೆಟ್ಟಿಗೆಯೊಳಗಿಟ್ಟೆ. ಮುಂದೆ 2 ವರ್ಷ ಆ ಪೆಟ್ಟಿಗೆಯನ್ನು ಮುಟ್ಟಲಿಲ್ಲ.

ಆಗ ನನಗೆ ಹೊಳೆಯದಿದ್ದ ಒಂದು ಸಂಗತಿ ಈಗ ಸ್ಪಷ್ಟವಾಗಿ ಕಾಣುತ್ತದೆ. ಆ 7 ತಿಂಗಳಲ್ಲಿ ನನ್ನ ಕೈ ಕೆಲಸ ಮಾಡಿದ್ದು ಬಹಳ ಕಡಿಮೆ. ಸಂಜೆಯ ಹೊತ್ತೆಲ್ಲ ಮೊಬೈಲಿನಲ್ಲಿ ಚಿತ್ರಗಳನ್ನು ಹಿಗ್ಗಿಸಿ ನೋಡುವುದರಲ್ಲಿ, ಬೇರೆಯವರ ಮಾದರಿಗೂ ನನ್ನದಕ್ಕೂ ಹೋಲಿಸುವುದರಲ್ಲಿ, ಇನ್ನಷ್ಟು ಬಿಡಿಭಾಗ ತರಿಸುವುದರಲ್ಲಿ ಕಳೆದುಹೋಗುತ್ತಿತ್ತು. ಹವ್ಯಾಸ ಎಂದು ನಾನು ಕರೆಯುತ್ತಿದ್ದುದರಲ್ಲಿ ಕತ್ತರಿಸುವುದು, ಉಜ್ಜುವುದು, ಅಂಟಿಸುವುದು, ಬಣ್ಣ ಹಚ್ಚುವುದು ಇವು ಹೆಚ್ಚುಕಡಿಮೆ ಉಳಿದೇ ಇರಲಿಲ್ಲ. ನೀವೂ ಕಳೆದ ತಿಂಗಳು ಎಷ್ಟು ಹೊತ್ತು ಪ್ಲಾಸ್ಟಿಕ್ ಮುಟ್ಟಿದ್ದೀರಿ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ.

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯವಿದೆ. ಈಗ ಅದರ ಬಳಿ ನೌಕಾಪಡೆಯಿಂದ ನಿವೃತ್ತವಾದ ಟುಪೊಲೆವ್ 142 ವಿಮಾನವೂ ನಿಂತಿದೆ. ನಾಲ್ಕು ಎಂಜಿನ್, ಒಂದೊಂದಕ್ಕೂ ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗುವ ಎರಡೆರಡು ಪ್ರೊಪೆಲರ್. ಸುಮಾರು 50 ಮೀಟರ್ ಅಗಲದ ಆ ರೆಕ್ಕೆಯನ್ನು 1/72ಕ್ಕೆ ಇಳಿಸಿದರೂ 70 ಸೆಂಟಿಮೀಟರ್ ಆಗುತ್ತದೆ. ಒಂದು ಸಂಜೆ ಅದರ ಕೆಳಗೆ ಬಹಳ ಹೊತ್ತು ನಿಂತಿದ್ದೆ. ತಗಡಿನ ಜೋಡಣೆಯ ಗೆರೆಗಳು ಹತ್ತು ಹೆಜ್ಜೆ ಹಿಂದೆ ಸರಿದರೆ ಕಾಣುತ್ತಿರಲಿಲ್ಲ. ಬಣ್ಣವೂ ಎಲ್ಲೆಡೆ ಒಂದೇ ಸಮ ಇರಲಿಲ್ಲ. ನಿಜವಾದ ವಿಮಾನದಲ್ಲೇ ಇಲ್ಲದ ಅಚ್ಚುಕಟ್ಟನ್ನು ನಾನು ಒಂದು ಗೇಣಿನ ಪ್ಲಾಸ್ಟಿಕ್ಕಿನಲ್ಲಿ ತರಲು ಒದ್ದಾಡಿದ್ದೆ. ಮನೆಗೆ ಬಂದವನೇ ಕಪಾಟಿನಲ್ಲಿದ್ದ ಎಲ್ಲಕ್ಕಿಂತ ಚಿಕ್ಕ, ಎಲ್ಲಕ್ಕಿಂತ ಅಗ್ಗದ ಪೆಟ್ಟಿಗೆಯನ್ನು ಹೊರತೆಗೆದೆ. ಎರಡನೆಯ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಹಾಕರ್ ಹರಿಕೇನ್, ಅದರ ಮೊದಲ ಆವೃತ್ತಿ ಮಾರ್ಕ್ 1.

1/72 ಎಂದರೆ ನಿಜವಾದ 6 ಅಡಿಗೆ ಮಾದರಿಯಲ್ಲಿ 1 ಅಂಗುಲ. ಹರಿಕೇನಿನ ರೆಕ್ಕೆ 40 ಅಡಿ; ಆದ್ದರಿಂದ ಮಾದರಿ 7 ಅಂಗುಲವನ್ನೂ ಮುಟ್ಟುವುದಿಲ್ಲ, ಅಂಗೈ ಮೇಲೆ ಕೂರುತ್ತದೆ. ಬಿಡಿಭಾಗಗಳು 40ರ ಆಸುಪಾಸು. ಹತ್ತು ಸಂಜೆಗಳಲ್ಲಿ ಮುಗಿಸಬೇಕು, ಹೊರಗಿನಿಂದ ಏನನ್ನೂ ತರಿಸಬಾರದು ಎಂದು ನಿಶ್ಚಯಿಸಿಕೊಂಡೆ. ಈ ಗಡುವಿನ ವಿಚಾರ ನನಗೆ ಬಂದದ್ದು ಶಿರಸಿಯ ಗುಡಿಗಾರರಿಂದ. ಅವರು ಬೆಂಡಿನಿಂದ ಬಾಸಿಂಗ ಮಾಡುವುದನ್ನು ಬಾಲ್ಯದಲ್ಲಿ ಗಂಟೆಗಟ್ಟಲೆ ನೋಡುತ್ತ ಕುಳಿತಿದ್ದೇನೆ. ಬೆಂಡಿನ ಮೇಲೆ ಬಾಯಿ ಹರಿತವಾದ ಉಳಿ ಆಡುವಾಗ ಅವರ ಗಮನ ಅತ್ತಿತ್ತ ಹೋಗುತ್ತಿರಲಿಲ್ಲ, ಆದರೆ ಮದುವೆಯ ಮುಹೂರ್ತಕ್ಕೆ ಬಾಸಿಂಗ ಸಿದ್ಧವಾಗಿರಲೇಬೇಕಿತ್ತು. ಅಷ್ಟು ಸೂಕ್ಷ್ಮವಾದ ಕೆಲಸವೂ ಒಂದು ದಿನ ಮುಗಿದು, ಕೈಬಿಟ್ಟು ಹೋಗಿ, ಮರುದಿನ ಹೊಸ ಬೆಂಡು ಮುಂದೆ ಬರುತ್ತಿತ್ತು. ನನ್ನ ಮಿಗ್‌ಗೆ ಯಾವ ಮುಹೂರ್ತವೂ ಇರಲಿಲ್ಲ.

ಮೊದಲ ಸಂಜೆ ಆಸನ, ಹಿಡಿಕೆ, ಉಪಕರಣಗಳ ಫಲಕ ಇಷ್ಟನ್ನು ಅಂಟಿಸಿದೆ. ಒಂದು ಗಂಟೆಯೊಳಗೆ ಕಾಕ್‌ಪಿಟ್ ಮುಗಿಯಿತು. ಎರಡನೆಯ ಸಂಜೆ ಒಡಲಿನ ಎರಡು ಹೋಳುಗಳನ್ನು ಜೋಡಿಸಿದೆ. ಈ ಕೆಲಸವನ್ನು ಎಷ್ಟೋ ವರ್ಷಗಳಿಂದ ಸರಿಯಾಗಿ ಅನುಭವಿಸಿರಲಿಲ್ಲ. ಮಾದರಿಗಳಿಗೆ ಬಳಸುವ ನೀರಿನಂಥ ಅಂಟು ಮಾಮೂಲಿ ಗೋಂದಿನಂತೆ ಎರಡು ಮೈಗಳ ನಡುವೆ ಪದರವಾಗಿ ನಿಲ್ಲುವುದಿಲ್ಲ. ಮಾದರಿಯ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನನ್ನೇ ಕರಗಿಸಿ ಎರಡನ್ನೂ ಬೆಸೆಯುತ್ತದೆ. ಹೋಳುಗಳನ್ನು ಹಿಡಿದು ಬ್ರಷ್ಷಿನ ತುದಿಯನ್ನು ಸಂದಿಗೆ ತಾಗಿಸಿದರೆ ಸಾಕು, ಅಂಟು ತಾನಾಗಿ ಆ ಗೆರೆಯುದ್ದಕ್ಕೂ ಓಡುತ್ತದೆ. ಅರ್ಧ ನಿಮಿಷ ಬಿಟ್ಟು ಮೆಲ್ಲಗೆ ಒತ್ತಿದಾಗ ಕೂದಲೆಳೆಯಷ್ಟು ಕರಗಿದ ಪ್ಲಾಸ್ಟಿಕ್ ಸಂದಿಯಿಂದ ಉಬ್ಬಿ ಬರುತ್ತದೆ. ಅದು ಬಂತೆಂದರೆ ಒಳಗೆ ಬಿರುಕಿಲ್ಲ ಎಂದರ್ಥ. ರಬ್ಬರ್ ಬ್ಯಾಂಡ್ ಸುತ್ತಿ ರಾತ್ರಿಯಿಡೀ ಬಿಟ್ಟೆ.

ಮರುದಿನ ಆ ಉಬ್ಬನ್ನು ಉಜ್ಜಲು ಕುಳಿತಾಗ ಹರಿಕೇನಿನ ವಿಶೇಷ ಬೆರಳಿಗೆ ಸಿಕ್ಕಿತು. ಸಿಡ್ನಿ ಕ್ಯಾಮ್ ವಿನ್ಯಾಸಗೊಳಿಸಿದ ಈ ವಿಮಾನ ಮೊದಲು ಹಾರಿದ್ದು 1935ರ ನವೆಂಬರ್ 6ರಂದು. ಅದರ ಒಡಲಿನ ಹಿಂಭಾಗದಲ್ಲಿ ಲೋಹದ ಕೊಳವೆಗಳ ಚೌಕಟ್ಟು, ಅದರ ಮೇಲೆ ಮರದ ಪಟ್ಟಿಗಳು, ಅವುಗಳ ಮೇಲೆ ಬಿಗಿದ ಲಿನನ್ ಬಟ್ಟೆ. ಗುಂಡು ಬಟ್ಟೆಯನ್ನು ತೂರಿಕೊಂಡು ಹೋದರೆ ತೇಪೆ ಹಾಕಿ ಮತ್ತೆ ಹಾರಿಸಬಹುದಿತ್ತು. 1940ರ ಬ್ರಿಟನ್ ಕದನದಲ್ಲಿ ಸ್ಪಿಟ್‌ಫೈರ್ ಉರುಳಿಸಿದ್ದಕ್ಕಿಂತ ಹೆಚ್ಚು ಶತ್ರು ವಿಮಾನಗಳನ್ನು ಉರುಳಿಸಿದ್ದು ಈ ಬಟ್ಟೆ ಹೊದ್ದ ಹರಿಕೇನೇ. ಆ ಪಟ್ಟಿಗಳ ಉಬ್ಬುಗಳು ಮಾದರಿಯ ಮೇಲೂ ಸಾಲಾಗಿ ಮೂಡಿವೆ, ನಡುವೆ ಬಟ್ಟೆ ತುಸು ಜಗ್ಗಿದಂತೆ ತಗ್ಗು. ಬೀಸಾಗಿ ಉಜ್ಜಿದರೆ ಎಲ್ಲ ಸಪಾಟಾಗಿಬಿಡುತ್ತದೆ. ಊದುಬತ್ತಿಯ ಕಡ್ಡಿಗೆ 600 ನಂಬರಿನ ಉಪ್ಪುಕಾಗದದ ಚೂರು ಸುತ್ತಿ, ನೀರಿನಲ್ಲಿ ಅದ್ದಿ, ಬೆನ್ನಿನ ಗೆರೆಯ ಮೇಲಷ್ಟೇ ಹಿಂದೆ ಮುಂದೆ ಆಡಿಸಿದೆ. ಉಬ್ಬುಗಳನ್ನು ಬೆರಳ ತುದಿಯಿಂದ ಆಗಾಗ ಸವರಿ ನೋಡುತ್ತ ಮುಕ್ಕಾಲು ಗಂಟೆ ಹೋದದ್ದೇ ತಿಳಿಯಲಿಲ್ಲ. ತಲೆಯೆತ್ತಿದಾಗ ಹೊರಗೆ ಮಳೆ ಹಿಡಿದಿತ್ತು, ಅದು ಯಾವಾಗ ಶುರುವಾಯಿತೆಂದು ನನಗೆ ಗೊತ್ತಾಗಿರಲಿಲ್ಲ. ಕಳೆದುಕೊಂಡಿದ್ದೇನೆ ಎಂದುಕೊಂಡಿದ್ದು ಇದೇ, ಇಲ್ಲೇ ಇದೆ ಎಂದು ಆ ಹೊತ್ತು ಮನಸ್ಸಿಗೆ ಬಂದು ಕಣ್ಣು ಒದ್ದೆಯಾಯಿತು.

ಹಳೆಯ ಚಾಳಿ ಒಮ್ಮೆ ತಲೆಯೆತ್ತಿತು. ಬರ್ಮಾ ಗಡಿಯ ಯುದ್ಧದಲ್ಲಿ ನಮ್ಮ ವಾಯುಪಡೆಯೂ ಹರಿಕೇನ್ ಹಾರಿಸಿತ್ತು. 1944ರಲ್ಲಿ ಇಂಫಾಲದಲ್ಲಿ ಅರ್ಜನ್ ಸಿಂಗ್ ಅವರ ನಾಯಕತ್ವದಲ್ಲಿದ್ದ 1ನೇ ಸ್ಕ್ವಾಡ್ರನ್ನಿನ ವಿಮಾನಗಳು ಇವೇ. ಜಪಾನಿನ ಕೆಂಪು ಸೂರ್ಯನ ಗುರುತೆಂದು ತಪ್ಪು ತಿಳಿಯಬಾರದೆಂದು ಆ ರಣರಂಗದ ವಿಮಾನಗಳ ಮೇಲಿನ ಗುರುತಿನ ವೃತ್ತಗಳಿಂದ ಕೆಂಪು ಬಣ್ಣವನ್ನು ತೆಗೆದು, ಕಡುನೀಲಿ ಮತ್ತು ತಿಳಿನೀಲಿಯನ್ನಷ್ಟೇ ಉಳಿಸಿದ್ದರು. ನನ್ನ ವಿಮಾನ ಹಾಗೆಯೇ ಆಗಬೇಕು ಎನಿಸಿತು. ಆದರೆ ಅದು ಮಾರ್ಕ್ 2, ನನ್ನ ಕೈಯಲ್ಲಿರುವುದು ಮಾರ್ಕ್ 1. ರೆಕ್ಕೆ ಬದಲಿಸಬೇಕು, ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ತರಿಸಬೇಕು, ಚಿತ್ರ ಹುಡುಕಬೇಕು. ಲ್ಯಾಪ್‌ಟಾಪ್ ತೆರೆದವನು ಎರಡು ನಿಮಿಷ ಹಾಗೆಯೇ ಕುಳಿತಿದ್ದು, ಮುಚ್ಚಿಟ್ಟು, ರೆಕ್ಕೆಗಳನ್ನು ಅಂಟಿಸಿದೆ. ಆ ಸಂಜೆ ಲ್ಯಾಪ್‌ಟಾಪ್ ಮುಚ್ಚದೆ ಇದ್ದಿದ್ದರೆ ಈ ಉತ್ತರ ಬರೆಯುವ ಸಂದರ್ಭವೇ ಬರುತ್ತಿರಲಿಲ್ಲ.

ಬಣ್ಣವನ್ನು ಬ್ರಷ್ಷಿನಿಂದಲೇ ಹಚ್ಚಿದೆ. ಅಕ್ರಿಲಿಕ್ ಬಣ್ಣವನ್ನು ಹಾಲಿನ ಹದಕ್ಕೆ ತೆಳು ಮಾಡಿಕೊಂಡು ಮೂರು ಪದರ. ಮೇಲೆ ಮಣ್ಣಿನ ಕಂದು ಮತ್ತು ಕಡುಹಸಿರು, ಕೆಳಗೆ ತಿಳಿಯಾದ ಆಕಾಶ ಬಣ್ಣ. ಮೊದಲ ಪದರ ನೋಡಲು ಚೆನ್ನಾಗಿರುವುದಿಲ್ಲ, ಅದಕ್ಕೆ ಹೆದರಬೇಡಿ. ಆಷಾಢದ ಕಾರವಾರದಲ್ಲಿ ಒಂದು ಪದರ ಒಣಗುವುದಕ್ಕೂ ಕಾಯಬೇಕಾಗುತ್ತದೆ. ಕಾಕ್‌ಪಿಟ್ಟಿನ ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಳವನ್ನು ಫೆವಿಕಾಲಿನಿಂದ ಅಂಟಿಸಿದೆ. ಇದನ್ನು ತಪ್ಪದೆ ನೆನಪಿಟ್ಟುಕೊಳ್ಳಿ: ಥಟ್ಟನೆ ಹಿಡಿಯುವ ಸೂಪರ್ ಗ್ಲೂ ಬಳಸಿದರೆ ಅದರ ಆವಿಯಿಂದ ಪಾರದರ್ಶಕ ಭಾಗ ಮಂಜು ಹಿಡಿದಂತಾಗುತ್ತದೆ, ಫೆವಿಕಾಲ್ ಹಚ್ಚುವಾಗ ಬೆಳ್ಳಗಿದ್ದರೂ ಒಣಗಿದ ಮೇಲೆ ಕಾಣುವುದಿಲ್ಲ, ಹೆಚ್ಚಾದದ್ದನ್ನು ಒದ್ದೆ ಕಡ್ಡಿಯಿಂದ ಒರೆಸಬಹುದು.

ಡೆಕಾಲ್ ಹಚ್ಚುವ ಸಂಜೆಯನ್ನು ನಾನು ಬೇಕೆಂದೇ ಉದ್ದ ಮಾಡಿಕೊಂಡೆ. ಮೊದಲು ಹೊಳಪಿನ ವಾರ್ನಿಷ್. ಒರಟು ಬಣ್ಣದ ಮೇಲೆ ನೇರವಾಗಿ ಹಚ್ಚಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗುತ್ತದೆ. ಉಗುರುಬೆಚ್ಚಗಿನ ನೀರಿನ ತಟ್ಟೆಯಲ್ಲಿ ಅರ್ಧ ನಿಮಿಷ ಬಿಟ್ಟ ಕಾಗದದ ಚೂರನ್ನು ಚಿಮಟದಿಂದ ಎತ್ತಿ, ರೆಕ್ಕೆಯ ಮೇಲಿಟ್ಟು, ಒದ್ದೆ ಬ್ರಷ್ಷಿನಿಂದ ನೂಕಿದಾಗ ಕೆಂಪು ನಡುವಿನ ಆ ವೃತ್ತ ಕಾಗದದಿಂದ ಜಾರಿ, ನೀರಿನ ಹನಿಯ ಮೇಲೆ ಒಂದು ಕ್ಷಣ ತೇಲಿ ನಿಲ್ಲುತ್ತದೆ. ಆ ಕ್ಷಣದಲ್ಲಿ ಅದನ್ನು ಎಲ್ಲಿಗೆ ಬೇಕಾದರೂ ಸರಿಸಬಹುದು. ಬಟ್ಟೆಯ ಅಂಚಿನಿಂದ ನೀರು ಹೀರಿದೊಡನೆ ಅದು ಕೂತುಬಿಡುತ್ತದೆ, ಉಬ್ಬು ತಗ್ಗುಗಳಿಗೆಲ್ಲ ಮೆತ್ತಿಕೊಳ್ಳುತ್ತದೆ. ಹಸಿರು ಕಂದು ಪ್ಲಾಸ್ಟಿಕ್ ಆಗಿದ್ದದ್ದು ಅಲ್ಲಿಂದ ಮುಂದೆ ಒಂದು ವಿಮಾನ.

ಒಂದು ತಪ್ಪಾಯಿತು. ಕೊನೆಯ ಮ್ಯಾಟ್ ವಾರ್ನಿಷ್ ಸ್ಪ್ರೇಯನ್ನು ಜಡಿಮಳೆಯ ದಿನವೇ ಹೊಡೆದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಇಂಥ ಲ್ಯಾಕರ್ ವಾರ್ನಿಷ್ ಒಣಗುವಾಗ ಅದರೊಳಗೆ ತೇವ ಸೇರಿ ಹಾಲಿನಂತೆ ಬಿಳಿಚಿಕೊಳ್ಳುತ್ತದೆ. ಎಡ ರೆಕ್ಕೆಯ ಮೇಲೆ ಹಾಗೆಯೇ ಆಯಿತು. ಎರಡು ದಿನ ಬಿಟ್ಟು, ಹೊಳವಾದ ಮಧ್ಯಾಹ್ನ, ತೆಳುವಾಗಿ ಇನ್ನೊಂದು ಸಲ ಹೊಡೆದಾಗ ಬಹುಪಾಲು ಮಾಯವಾಯಿತು. ಬೆಳಕಿಗೆ ಹಿಡಿದರೆ ಸಣ್ಣದೊಂದು ಮಸುಕು ಇನ್ನೂ ಕಾಣುತ್ತದೆ. ಹಿಂದಿನ ದಿನಗಳಲ್ಲಾಗಿದ್ದರೆ ಎಲ್ಲ ಬಣ್ಣ ಕೆರೆದು ಮತ್ತೆ ಶುರು ಮಾಡುತ್ತಿದ್ದೆ; ಈ ಸಲ ಹಾಗೆಯೇ ಬಿಟ್ಟೆ. ಹತ್ತು ಸಂಜೆ ಎಂದುಕೊಂಡದ್ದು ಹದಿಮೂರಾಯಿತು. ಮುಗಿದ ರಾತ್ರಿ ಅದನ್ನು ಊಟದ ಮೇಜಿನ ಮೇಲಿಟ್ಟುಕೊಂಡು, ಎದುರಿಗೆ ಕುಳಿತು ಊಟ ಮಾಡಿದೆ.

ಇನ್ನು ನಿಮ್ಮ ವಿಷಯ. ಅರ್ಧಕ್ಕೆ ನಿಂತ ಕಿಟ್ಟನ್ನು ಮೇಜಿನಿಂದ ಎತ್ತಿ ಕಣ್ಣಿಗೆ ಬೀಳದ ಕಡೆ ಇಡಿ, ಏಕೆಂದರೆ ಅದು ಎದುರಿಗಿರುವವರೆಗೂ ಹೊಸದಕ್ಕೆ ಕೈ ಹಾಕುವುದು ಅಪರಾಧ ಎನಿಸುತ್ತದೆ. ಏಕ ಎಂಜಿನ್ನಿನ, ಒಂದೇ ಆಸನದ ವಿಮಾನವನ್ನು ಆರಿಸಿ. ಹರಿಕೇನ್, ಸ್ಪಿಟ್‌ಫೈರ್, ನ್ಯಾಟ್ ಯಾವುದಾದರೂ ಆದೀತು. ಒಂದರ ಮೇಲೊಂದಿರುವ ಎರಡು ರೆಕ್ಕೆಗಳನ್ನು ತಂತಿಗಳಿಂದ ಬಿಗಿದ ಹಳೆಯ ವಿಮಾನಗಳು ಈಗ ಬೇಡ. ಚಕ್ರಗಳನ್ನು ಕೂರಿಸುವುದು ಕಷ್ಟವೆನಿಸಿದರೆ ಮಡಚಿದಂತೆ, ಹಾರುವ ಭಂಗಿಯಲ್ಲಿ ಮಾಡಿ. ಕೆಲಸದ ಹೊತ್ತಿನಲ್ಲಿ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಪೆಟ್ಟಿಗೆಯ ಸೂಚನಾ ಹಾಳೆಯೊಂದೇ ಸಾಕು. ಮುಗಿಯುವವರೆಗೆ ಚಿತ್ರ ತೆಗೆದು ಯಾರಿಗೂ ಕಳಿಸಬೇಡಿ ಎಂದೂ ಹೇಳುತ್ತೇನೆ. ಮೆಚ್ಚುಗೆ ಬಂದರೂ ಟೀಕೆ ಬಂದರೂ ಕೈ ನಿಲ್ಲುತ್ತದೆ.

ಹರಿಕೇನ್ ಮುಗಿದ ಮೂರನೆಯ ವಾರ ಮಿಗ್ ಪೆಟ್ಟಿಗೆಯನ್ನು ನಾನಾಗಿಯೇ ತೆರೆದೆ. ಗಾಳಿಬಾಯಿಗಳನ್ನು ಕಿಟ್ಟಿನಲ್ಲಿ ಇದ್ದಂತೆಯೇ ಅಂಟಿಸಿ, ಒಡಲನ್ನು ಮುಚ್ಚಿದೆ. ಉಳಿದ ಹಿತ್ತಾಳೆಯ ಚೂರುಗಳು ಲಕೋಟೆಯಲ್ಲೇ ಇವೆ. ಈಗ ರೆಕ್ಕೆಗಳು ಕೂತಿವೆ. ಅದರ ನಂತರಕ್ಕೆಂದು ಒಂದು ಸೀ ಹಾಕ್ ತೆಗೆದಿಟ್ಟಿದ್ದೇನೆ. ಅದೂ ಸಿಡ್ನಿ ಕ್ಯಾಮ್ ನೇತೃತ್ವದಲ್ಲಿ ರೂಪುಗೊಂಡ ವಿಮಾನ. 1971ರ ಡಿಸೆಂಬರ್ 4ರಂದು ಹಳೆಯ ವಿಮಾನವಾಹಕ ನೌಕೆ ವಿಕ್ರಾಂತದಿಂದ ಹಾರಿ ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದ್ದು ಅದೇ. ನೀವು ಯಾವ ಪೆಟ್ಟಿಗೆ ಆರಿಸಿದಿರಿ ಎಂಬುದನ್ನು ಇಲ್ಲೇ ಕೆಳಗೆ ಬರೆಯಿರಿ. ಅಂಟು, ಬಣ್ಣ, ಉಪ್ಪುಕಾಗದ ಏನು ಕೇಳುವುದಿದ್ದರೂ ಉತ್ತರಿಸುತ್ತೇನೆ.