ಡಾಕ್ ಅಡ್ಡ ಬಂದರೆ ಏನು ಮಾಡೋದು?

ಪ್ರಶ್ನೆ: ನಮ್ಮೂರ ಹಾಲಿನ ಸಂಘದ ಲೆಕ್ಕ ಬರೆಯೋದು ನಾನೇ. ಹಳೇ ಲ್ಯಾಪ್‌ಟಾಪ್, ಪರದೆ 1366×768. ಮಗ ಉಬುಂಟು 24.04 (ವಿಂಡೋಸ್ ತರಹದ ಆಪರೇಟಿಂಗ್ ಸಿಸ್ಟಂ) ಹಾಕಿಕೊಟ್ಟಿದ್ದಾನೆ. ಎಡಗಡೆಯ ಐಕಾನ್ ಪಟ್ಟಿ, ಅಂದರೆ ಡಾಕ್, ಜಾಗ ತಿನ್ನುತ್ತದೆ ಅಂತ ಅದನ್ನು ಆಟೋ ಹೈಡ್ (ತಾನಾಗೇ ಅಡಗುವಂತೆ) ಮಾಡಿದೆ. ಈಗ ಇನ್ನೊಂದು ಕಾಟ. ಲೆಕ್ಕ ಬರೆಯುವ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ (ಎಕ್ಸೆಲ್ ತರಹದ್ದು) ಒಂದು ಸಾಲು ಪೂರ್ತಿ ಸೆಲೆಕ್ಟ್ ಮಾಡೋಣ ಅಂತ ಅಂಚಿನ ನಂಬರ್ ಕಡೆ ಮೌಸ್ ಒಯ್ದರೆ ಪಟ್ಟಿ ಧಡಕ್ಕನೆ ಮೇಲೆ ಬಂದು ಕೂರುತ್ತದೆ, ಕ್ಲಿಕ್ ಮಾಡಿದರೆ ಬೇರೇನೋ ತೆರೆದುಕೊಳ್ಳುತ್ತದೆ. ಈ ಪಟ್ಟಿಯನ್ನೇ ತೆಗೆದುಹಾಕಬಹುದಾ ಸರ್?
— ಓದುಗರು, ಹಾವೇರಿ ಜಿಲ್ಲೆ

ಉತ್ತರ: ತೆಗೆಯೋದು ಬೇಡ. ಮೊದಲು ಆಟೋ ಹೈಡ್ ಆಫ್ ಮಾಡಿ. ಡಾಕ್ ಒಂದೇ ಕಡೆ ನಿಂತಿದ್ದರೆ ದೊಡ್ಡದು ಮಾಡಿದ ವಿಂಡೋ ಅದರ ಪಕ್ಕಕ್ಕೇ ನಿಲ್ಲುತ್ತದೆ, ಅಡಿಗೆ ಹೋಗೋದಿಲ್ಲ. ಅಡಗಿಸಿದಾಗ ವಿಂಡೋ ಅಂಚಿನವರೆಗೂ ಹಬ್ಬುತ್ತದೆ, ಆಮೇಲೆ ಡಾಕ್ ಬಂದರೆ ಅದರ ಮೇಲೇ ಬರಬೇಕು. ಕ್ಯಾಲ್ಕ್‌ನ ಸಾಲಿನ ನಂಬರ್ ಇರುವುದೂ ಅದೇ ಅಂಚಿನಲ್ಲಿ. ಜಗಳ ಅಲ್ಲಿಂದಲೇ ಶುರು.

ಬಲಕ್ಕೋ ಕೆಳಕ್ಕೋ ಹಾಕಿ ಅಡಗಿಸಿಡೋಣ ಅಂತೀರಾ? ಬಲಕ್ಕೆ ಸ್ಕ್ರೋಲ್ ಬಾರ್ ಇದೆ, ಕೆಳಗೆ ಶೀಟ್ ಹೆಸರುಗಳಿವೆ. ಕೆಳಗೇ ನಿಲ್ಲಿಸಿದರೆ ಮೊದಲೇ ಕಡಿಮೆಯಿರುವ ಎತ್ತರ ಇನ್ನೂ ಕಡಿಮೆಯಾಗುತ್ತದೆ. ಅಗಲ ಜಾಸ್ತಿ, ಎತ್ತರ ಕಡಿಮೆ ಇರುವ ಪರದೆಗೆ ಎಡಗಡೆಯೇ ಸರಿ. 2011ರಲ್ಲಿ ಉಬುಂಟು ‘ಯೂನಿಟಿ’ ಅನ್ನುವ ಹೊಸ ಡೆಸ್ಕ್‌ಟಾಪ್ ತಂದಾಗ ಪಟ್ಟಿಯನ್ನು ಎಡಕ್ಕಿಟ್ಟಿದ್ದಕ್ಕೂ ಇದೇ ಕಾರಣ. ಎಷ್ಟು ಹಟ ಅಂದರೆ, ಅದನ್ನು ಕೆಳಗೆ ಸರಿಸುವ ಅವಕಾಶ ಸಿಕ್ಕಿದ್ದು 2016ರ 16.04 ಆವೃತ್ತಿಯಲ್ಲಿ!

ಇನ್ನು ಜಾಗದ ಮಾತು. ಐಕಾನ್ ಸೈಜ್ 48 ಇರುವ ಡಾಕ್ ಸುಮಾರು 70 ಪಿಕ್ಸೆಲ್ ತಿನ್ನುತ್ತದೆ, ಕ್ಯಾಲ್ಕ್‌ನ ಒಂದು ಕಾಲಂನಷ್ಟೂ ಅಲ್ಲ. ಅದೂ ಜಾಸ್ತಿ ಅನಿಸಿದರೆ ಸೆಟಿಂಗ್ಸ್‌ನಲ್ಲಿ ಉಬುಂಟು ಡೆಸ್ಕ್‌ಟಾಪ್ ತೆರೆದು ಐಕಾನ್ ಸೈಜ್ 24ಕ್ಕೆ ಇಳಿಸಿ. ಅಲ್ಲೇ ಇರುವ ಪ್ಯಾನೆಲ್ ಮೋಡ್ ಆಫ್ ಮಾಡಿದರೆ ಪಟ್ಟಿ ಗಿಡ್ಡವಾಗುತ್ತದೆ, ಅಷ್ಟೇ. ನೋಡೋಕೆ ಚೆಂದ, ಆದರೆ ನಿಂತಿರುವ ಡಾಕ್ ಆ ಅಂಚನ್ನು ಪೂರ್ತಿ ತನಗೇ ಹಿಡಿದಿಟ್ಟುಕೊಂಡಿರುವುದರಿಂದ ವಿಂಡೋಗೆ ಒಂದಿಂಚೂ ಸಿಗೋದಿಲ್ಲ.

ನಿಜವಾಗಿ ಜಾಗ ತಿನ್ನುತ್ತಿರುವುದು ಕ್ಯಾಲ್ಕ್‌ನ ಬಲಗಡೆಯ ಸೈಡ್‌ಬಾರ್. ಕಂಟ್ರೋಲ್ ಜೊತೆ ಎಫ್5 ಒತ್ತಿ, ಅದು ಮುಚ್ಚಿಕೊಳ್ಳುತ್ತದೆ. ವ್ಯೂ ಮೆನುವಿನ ಯೂಸರ್ ಇಂಟರ್‌ಫೇಸ್‌ನಲ್ಲಿ ‘ಸಿಂಗಲ್ ಟೂಲ್‌ಬಾರ್’ ಆರಿಸಿದರೆ ಮೇಲೆ ಒಂದು ಪಟ್ಟಿ ಕಡಿಮೆಯಾಗಿ ಇನ್ನೊಂದೆರಡು ಸಾಲು ಕಾಣುತ್ತವೆ. ತಿಂಗಳ ಕೊನೆಯಲ್ಲಿ ಇಡೀ ಶೀಟ್ ಒಟ್ಟಿಗೆ ನೋಡಬೇಕಾದಾಗ ಕಂಟ್ರೋಲ್, ಶಿಫ್ಟ್, ಜೆ ಒತ್ತಿ: ಡಾಕ್, ಟೂಲ್‌ಬಾರ್ ಎಲ್ಲ ಮಾಯ, ಮತ್ತೆ ಅದನ್ನೇ ಒತ್ತಿದರೆ ವಾಪಸ್.

ಇಲ್ಲ, ಅಡಗಿಸಿಯೇ ಇಡಬೇಕು ಅನ್ನುವುದಾದರೆ ಮಗನಿಗೆ ಡಿಕಾನ್ಫ್ ಎಡಿಟರ್ (ಸೆಟಿಂಗ್ಸ್‌ನಲ್ಲಿ ಕಾಣದ ಒಳಗಿನ ಸೆಟಿಂಗ್‌ಗಳನ್ನು ಬದಲಿಸುವ ಆ್ಯಪ್) ಹಾಕಿಕೊಡಲು ಹೇಳಿ. ಅಂಚಿಗೆ ಮೌಸ್ ಎಷ್ಟು ಜೋರಾಗಿ ತಳ್ಳಿದರೆ ಡಾಕ್ ಬರಬೇಕು ಅನ್ನುವುದಕ್ಕೆ ಅದರಲ್ಲಿ ಒಂದು ಅಳತೆ ಇದೆ, ‘ಡ್ಯಾಶ್ ಟು ಡಾಕ್’ ಒಳಗೆ ‘ಪ್ರೆಶರ್ ಥ್ರೆಶೋಲ್ಡ್’ ಅಂತ. ಮೊದಲಿಗೆ 100 ಇರುತ್ತದೆ. 300 ಮಾಡಿ ನೋಡಿ, ಮೌಸ್ ಸುಮ್ನೆ ತಾಗಿದ್ದಕ್ಕೆಲ್ಲ ಡಾಕ್ ಓಡಿ ಬರೋದು ನಿಲ್ಲುತ್ತದೆ. ಅಲ್ಲಿ ಬೇರೆ ಯಾವುದನ್ನೂ ಮುಟ್ಟಬೇಡಿ. ಡಾಕ್ ಅಡಗಿದ್ದರೂ ವಿಂಡೋಸ್ ಚಿಹ್ನೆಯ ಕೀ ಜೊತೆ 1, 2, 3 ಒತ್ತಿದರೆ ಅದರಲ್ಲಿರುವ ಆ್ಯಪ್‌ಗಳು ಅದೇ ಕ್ರಮದಲ್ಲಿ ತೆರೆಯುತ್ತವೆ, ಮೌಸ್ ಬೇಕಾಗೇ ಇಲ್ಲ.

ಪ್ರಶ್ನೆ: ಮ್ಯಾಕ್‌ನಲ್ಲಿ ವಿಂಡೋದ ಕೆಳಗಿನ ಬಟನ್‌ಗಳು ಡಾಕ್ ಹಿಂದೆ ಸಿಕ್ಕಿಬೀಳುತ್ತವೆ. ಏನು ಮಾಡಲಿ?
— ಓದುಗರು, ಮೈಸೂರು

ಉತ್ತರ: ಕಮಾಂಡ್, ಆಪ್ಷನ್, ಡಿ ಒಟ್ಟಿಗೆ ಒತ್ತಿ. ಡಾಕ್ ಅಡಗುತ್ತದೆ, ಬಟನ್ ಸಿಗುತ್ತದೆ. ಕೆಲಸ ಮುಗಿದ ಮೇಲೆ ಮತ್ತೆ ಅದನ್ನೇ ಒತ್ತಿ.