ಕನ್ಸೋಲ್ ಬದಲಿಸುವ ಗೇಮ್ ಕಂಪನಿಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಒಂದೇ ಕನ್ಸೋಲ್‌ಗೆ (ವಿಡಿಯೊ ಗೇಮ್ ಆಡುವ ಯಂತ್ರಕ್ಕೆ) ಮೀಸಲೆಂದು ಹೇಳಿಕೊಂಡು ಬಂದ ಆಟಗಳು ಈಚೆಗೆ ಒಂದರ ಹಿಂದೊಂದು ಎದುರಾಳಿಯ ಯಂತ್ರಕ್ಕೂ ಬರುತ್ತಿರುವ ಬಗ್ಗೆ ಬೆಂಗಳೂರಿನ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಫೈನಲ್ ಫ್ಯಾಂಟಸಿ ಸರಣಿಗಾಗಿಯೇ ನಾನು ಸೋನಿಯ ಪ್ಲೇಸ್ಟೇಷನ್ 5 ಕೊಂಡೆ. ಬೇರೆಲ್ಲೂ ಸಿಗದು ಎಂದು ನಂಬಿದ್ದ ಆಟ ಈಗ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್‌ನಲ್ಲೂ ಇದೆ. ಇದು ಮೊದಲು ಕೊಂಡವರಿಗೆ ಮಾಡಿದ ಮೋಸವಲ್ಲವೇ?
— ರಾಜಾಜಿನಗರದ ಓದುಗರು

ಉತ್ತರ: ಮೋಸ ಎನ್ನಲು ನನಗೆ ಮನಸ್ಸು ಬಾರದು. ನೀವು ಹಣ ಕೊಟ್ಟ ಆಟ ನಿಮ್ಮ ಯಂತ್ರದಲ್ಲಿ ಇದ್ದೇ ಇದೆ. ಫೈನಲ್ ಫ್ಯಾಂಟಸಿ 16 ಪ್ಲೇಸ್ಟೇಷನ್ 5ಕ್ಕೆ 2023ರ ಜೂನ್‌ನಲ್ಲಿ ಬಂದರೆ ಪಿಸಿಗೆ 2024ರ ಸೆಪ್ಟೆಂಬರ್‌ನಲ್ಲಿ, ಎಕ್ಸ್‌ಬಾಕ್ಸ್‌ಗೆ 2025ರ ಜೂನ್‌ನಲ್ಲಿ ಬಂತು, ಅಂದರೆ ಎಕ್ಸ್‌ಬಾಕ್ಸ್ ಇಟ್ಟುಕೊಂಡವರಿಗಿಂತ ಎರಡು ವರ್ಷ ಮೊದಲೇ ನೀವು ಅದನ್ನು ಆಡಿದ್ದೀರಿ. ಅಷ್ಟಕ್ಕೂ ಪ್ಲೇಸ್ಟೇಷನ್ ಈ ಸರಣಿಯ ತವರೇನೂ ಅಲ್ಲ. 1987ರಿಂದ 1994ರವರೆಗೆ ಅದರ ಮೊದಲ ಆರು ಭಾಗಗಳು ಬಿಡುಗಡೆಯಾದದ್ದು ನಿಂಟೆಂಡೊ ಯಂತ್ರಗಳಲ್ಲಿ, ಮತ್ತು ಏಳನೆಯ ಭಾಗವೂ ಅಲ್ಲಿಯೇ ಬರುತ್ತದೆಂದು ಜಪಾನಿನ ಆಟಗಾರರು ನಂಬಿಕೊಂಡಿದ್ದರು.

ಆ ನಂಬಿಕೆಯನ್ನು ಕೆಡಿಸಿದ್ದು ಕಾರ್ಟ್ರಿಜ್, ಅಂದರೆ ಆಟವನ್ನು ಚಿಪ್‌ನಲ್ಲಿ ತುಂಬಿ ಯಂತ್ರಕ್ಕೆ ಸಿಕ್ಕಿಸುವ ಡಬ್ಬಿ. 1996ರಲ್ಲಿ ಬಂದ ನಿಂಟೆಂಡೊ 64 ಯಂತ್ರ ಡಿಸ್ಕ್‌ಗೆ ಹೋಗದೆ ಕಾರ್ಟ್ರಿಜ್ ಅನ್ನೇ ಉಳಿಸಿಕೊಂಡಿತು. ಅದರ ಜೊತೆಯಲ್ಲೇ ಬಂದ ಸೂಪರ್ ಮಾರಿಯೊ 64 ಆಟದ ಒಟ್ಟು ಗಾತ್ರ 8 ಎಂಬಿ. ಆ ಯಂತ್ರದ ಕೊನೆಗಾಲದಲ್ಲಿ ಬಂದ ಅತಿ ದೊಡ್ಡ ಕಾರ್ಟ್ರಿಜ್ 64 ಎಂಬಿ. ಸೋನಿಯ ಪ್ಲೇಸ್ಟೇಷನ್ ಬಳಸುತ್ತಿದ್ದ ಒಂದು ಸಿಡಿಯಲ್ಲಿ ಸುಮಾರು 650 ಎಂಬಿ ಹಿಡಿಯುತ್ತಿತ್ತು. ಸಿನಿಮಾದಂಥ ದೃಶ್ಯಗಳನ್ನು ತುಂಬಿದ ಫೈನಲ್ ಫ್ಯಾಂಟಸಿ 7, 1997ರ ಜನವರಿಯಲ್ಲಿ ಪ್ಲೇಸ್ಟೇಷನ್‌ಗೆ ಬಂದಾಗ ಮೂರು ಸಿಡಿಗಳನ್ನು ತೆಗೆದುಕೊಂಡಿತು. ಇದರ ಹಿಂದೆ ಹಣದ ಲೆಕ್ಕವೂ ಇತ್ತು: ಕಾರ್ಟ್ರಿಜ್‌ಗಳನ್ನು ನಿಂಟೆಂಡೊ ಮೂಲಕವೇ ಮಾಡಿಸಬೇಕಿತ್ತು, ಮುಂಗಡ ಕಟ್ಟಿ ವಾರಗಟ್ಟಲೆ ಕಾಯಬೇಕಿತ್ತು, ಮಾರಾಟವಾಗದೆ ಉಳಿದರೆ ಆ ನಷ್ಟ ಪ್ರಕಾಶಕರ ತಲೆಗೇ ಬರುತ್ತಿತ್ತು, ಸಿಡಿಯಾದರೋ ಅಗ್ಗ, ಬೇಡಿಕೆ ನೋಡಿಕೊಂಡು ಬೇಗ ಮತ್ತಷ್ಟು ಅಚ್ಚು ಹಾಕಿಸಬಹುದಿತ್ತು. ಕಾರ್ಟ್ರಿಜ್‌ನಲ್ಲಿ ಲೋಡಿಂಗ್‌ಗೆ ಕಾಯಬೇಕಿಲ್ಲ ಎಂಬ ಅನುಕೂಲವನ್ನು ನಿಂಟೆಂಡೊ ದೊಡ್ಡದೆಂದು ಭಾವಿಸಿತು, ಅದು ನಿಜವೂ ಆಗಿತ್ತು, ಆದರೆ ಫೈನಲ್ ಫ್ಯಾಂಟಸಿ ಮಾಡುತ್ತಿದ್ದ ಸ್ಕ್ವೇರ್ ಕಂಪನಿಗೆ ಬೇಕಿದ್ದದ್ದು ಜಾಗ. ಹೀಗೆ ಹೊರಟುಹೋದ ಕಂಪನಿ 2003ರಲ್ಲಿ ಫೈನಲ್ ಫ್ಯಾಂಟಸಿ ಕ್ರಿಸ್ಟಲ್ ಕ್ರಾನಿಕಲ್ಸ್ ಎಂಬ ಉಪಸರಣಿಯೊಂದಿಗೆ ನಿಂಟೆಂಡೊದ ಗೇಮ್‌ಕ್ಯೂಬ್‌ಗೆ ಮರಳಿತು.

2024ರ ಮೇ ತಿಂಗಳಲ್ಲಿ, ಈಗ ಸ್ಕ್ವೇರ್ ಎನಿಕ್ಸ್ ಎಂದು ಹೆಸರಾಗಿರುವ ಅದೇ ಕಂಪನಿ, ಇನ್ನು ಮುಂದೆ ತನ್ನ ದೊಡ್ಡ ಆಟಗಳನ್ನು ಎಲ್ಲ ಕನ್ಸೋಲ್‌ಗಳಿಗೂ ಪಿಸಿಗೂ ಕೊಡುವುದಾಗಿ ಪ್ರಕಟಿಸಿತು. ಅಂದು ಜಾಗ ಸಾಲದೆ ಹೊರಟವರು ಇಂದು ಗಿರಾಕಿಗಳು ಸಾಲದೆ ಹೊರಟಿದ್ದಾರೆ ಎಂದೇ ನಾನು ಇದನ್ನು ಓದುತ್ತೇನೆ. ದೊಡ್ಡ ಆಟವೊಂದರ ಖರ್ಚು ಒಂದೇ ಕನ್ಸೋಲ್‌ನ ಮಾರಾಟದಿಂದ ಹುಟ್ಟುವ ಕಾಲ ಮುಗಿಯುತ್ತಿದೆ. ಮುಂದಿನ ಕನ್ಸೋಲ್ ಕೊಳ್ಳುವಾಗ ಅಂಗಡಿಯಲ್ಲಿ ಆಗಲೇ ಇರುವ ಆಟಗಳನ್ನು ನೋಡಿ ಕೊಳ್ಳಿ, ಯಾರ ಬಳಿ ಯಾವುದು ಉಳಿಯುತ್ತದೆ ಎಂಬ ಮಾತನ್ನು ನಂಬಿ ಅಲ್ಲ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಈಗಿನ ಕನ್ಸೋಲ್‌ಗಳ ಒಳಗೆ ಇರುವುದು ಹೆಚ್ಚುಕಡಿಮೆ ಪಿಸಿಯಂಥದೇ ಚಿಪ್ ಎನ್ನುತ್ತಾರೆ. ಹಾಗಿದ್ದರೆ ಒಂದರಿಂದ ಇನ್ನೊಂದಕ್ಕೆ ಆಟ ತರಲು ತಿಂಗಳುಗಟ್ಟಲೆ ಏಕೆ ಬೇಕು?
— ವಿಜಯನಗರದ ವಿದ್ಯಾರ್ಥಿ

ಉತ್ತರ: ನಿಮ್ಮ ಮಾತು ಅರ್ಧ ಸರಿ. 2006ರ ಪ್ಲೇಸ್ಟೇಷನ್ 3ರಲ್ಲಿದ್ದ ಸೆಲ್ ಪ್ರೊಸೆಸರ್ ಬೇರೆ ಯಾವುದಕ್ಕೂ ಹೋಲದಂತಿದ್ದುದರಿಂದ ಅದಕ್ಕೆ ಆಟ ತರುವುದು ತಂಡಗಳಿಗೆ ತಲೆನೋವಾಗಿತ್ತು. 2013ರಲ್ಲಿ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಎರಡೂ ಎಎಂಡಿ ಕಂಪನಿಯ, ಪಿಸಿಗಳಲ್ಲಿರುವಂಥದೇ ಎಕ್ಸ್86 ಬಗೆಯ ಚಿಪ್‌ಗೆ ಬಂದ ಮೇಲೆ ಆ ಕಷ್ಟ ಬಹಳ ಮಟ್ಟಿಗೆ ಇಳಿಯಿತು. ಇಳಿಯದೆ ಉಳಿದದ್ದು ಮೆಮೊರಿಯ ಕಷ್ಟ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಲ್ಲಿ 16 ಜಿಬಿ ಇದ್ದರೆ ಅದರ ಅಗ್ಗದ ತಂಗಿ ಸೀರೀಸ್ ಎಸ್‌ನಲ್ಲಿ 10 ಜಿಬಿ ಮಾತ್ರ. 2023ರ ಸೆಪ್ಟೆಂಬರ್‌ನಲ್ಲಿ ಪ್ಲೇಸ್ಟೇಷನ್ 5ಕ್ಕೆ ಬಂದ ಬಾಲ್ಡರ್ಸ್ ಗೇಟ್ 3 ಎಕ್ಸ್‌ಬಾಕ್ಸ್‌ಗೆ ಡಿಸೆಂಬರ್‌ವರೆಗೆ ಬಾರದಿದ್ದುದಕ್ಕೆ ಕಾರಣ ಇದೇ: ಪರದೆಯನ್ನು ಎರಡಾಗಿ ಸೀಳಿ ಇಬ್ಬರು ಆಡುವ ಸೌಲಭ್ಯ ಸೀರೀಸ್ ಎಸ್‌ನಲ್ಲಿ ಕೂರಲಿಲ್ಲ, ಕೊನೆಗೆ ಆ ಯಂತ್ರದಲ್ಲಿ ಅದನ್ನು ಕೈಬಿಟ್ಟೇ ಬಿಡುಗಡೆ ಮಾಡಬೇಕಾಯಿತು.

ಇನ್ನು ಹೊರಗಿನವರಿಗೆ ಕಾಣದ ಚಿಲ್ಲರೆ ಕೆಲಸ. ಪ್ರತಿ ಕನ್ಸೋಲ್ ಕಂಪನಿಯೂ ಬಿಡುಗಡೆಗೆ ಮುನ್ನ ತನ್ನದೇ ಪರೀಕ್ಷೆ ನಡೆಸುತ್ತದೆ. ಆಟದ ನಡುವೆ ಕಂಟ್ರೋಲರ್‌ನ ಬ್ಯಾಟರಿ ಹೋದರೆ ಆಟ ನಿಂತು ಸೂಚನೆ ತೋರಿಸಬೇಕು. ಪರದೆಯ ಮೇಲೆ ಆ ಯಂತ್ರದ ಗುಂಡಿಗಳ ಗುರುತೇ ಕಾಣಬೇಕು. ಎಕ್ಸ್‌ಬಾಕ್ಸ್‌ನಲ್ಲಿ ‘ಎ’ ಗುಂಡಿ ಕೆಳಗಿದೆ, ನಿಂಟೆಂಡೊದಲ್ಲಿ ‘ಎ’ ಬಲಕ್ಕಿದೆ, ಪ್ಲೇಸ್ಟೇಷನ್‌ನಲ್ಲಿ ಅಕ್ಷರಗಳೇ ಇಲ್ಲ. ಆದ್ದರಿಂದ ‘ಎ ಒತ್ತಿ’ ಎಂಬ ಒಂದು ಸಾಲು ಆಟದಲ್ಲಿ ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಹುಡುಕಿ ತಿದ್ದಬೇಕು, ಒಂದು ತಪ್ಪಿಹೋದರೂ ಪರೀಕ್ಷೆಯಿಂದ ವಾಪಸು ಬರಬಹುದು.

ಒಂದು ಯಂತ್ರದ ಆಟವನ್ನು ಇನ್ನೊಂದಕ್ಕೆ ತರುವ ಈ ವಿದ್ಯೆಯ ಪರಾಕಾಷ್ಠೆ ನೋಡಬೇಕೆಂದಿದ್ದರೆ ರೆಸಿಡೆಂಟ್ ಈವಿಲ್ 2 ಆಟದ ನಿಂಟೆಂಡೊ 64 ಆವೃತ್ತಿಯನ್ನು ಹುಡುಕಿ. ಪ್ಲೇಸ್ಟೇಷನ್‌ನಲ್ಲಿ ಎರಡು ಸಿಡಿ ತುಂಬಿದ್ದ ಆ ಆಟವನ್ನು 1999ರಲ್ಲಿ ಏಂಜಲ್ ಸ್ಟುಡಿಯೋಸ್ ತಂಡ ವಿಡಿಯೊ ದೃಶ್ಯಗಳ ಸಮೇತ 64 ಎಂಬಿ ಕಾರ್ಟ್ರಿಜ್‌ಗೆ ಇಳಿಸಿತು. ಆ ತಂಡ 2002ರಲ್ಲಿ ರಾಕ್‌ಸ್ಟಾರ್ ಎಂಬ ಗೇಮ್ ಕಂಪನಿಯ ಪಾಲಾಯಿತು. ನಮ್ಮ ಊರಿನಲ್ಲಿ 1997ರಲ್ಲಿ ಹುಟ್ಟಿದ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಕಂಪನಿಯನ್ನು 2019ರಲ್ಲಿ ಕೊಂಡದ್ದೂ ಅದೇ ರಾಕ್‌ಸ್ಟಾರ್.

ಪ್ರಶ್ನೆ: ಹಳೆಯ ಕನ್ಸೋಲ್ ಮಾರಿ ಬೇರೆ ಕಂಪನಿಯದು ಕೊಂಡರೆ ಡೌನ್‌ಲೋಡ್ ಮಾಡಿಕೊಂಡ ಆಟಗಳು ಅದಕ್ಕೆ ಬರುತ್ತವೆಯೇ?
— ಜಯನಗರದ ಓದುಗರು

ಉತ್ತರ: ಇಲ್ಲ. ಅವು ನಿಮ್ಮ ಹಳೆಯ ಖಾತೆಗೇ ಅಂಟಿಕೊಂಡಿರುತ್ತವೆ. ಬಾಲ್ಡರ್ಸ್ ಗೇಟ್ 3ರಂಥ ಕೆಲವು ಆಟಗಳು ಆಡಿದಷ್ಟನ್ನು ಬೇರೆ ಯಂತ್ರಕ್ಕೆ ಒಯ್ಯಲು ಬಿಡುತ್ತವೆ, ಆದರೆ ಅಲ್ಲೂ ಆಟವನ್ನು ಮತ್ತೆ ಹಣ ಕೊಟ್ಟೇ ಕೊಳ್ಳಬೇಕು. ಡಿಸ್ಕ್ ಇದ್ದರೆ ಅದನ್ನು ಸೆಕೆಂಡ್ ಹ್ಯಾಂಡ್‌ಗೆ ಮಾರಬಹುದು ಎಂಬುದೊಂದೇ ಸಮಾಧಾನ.

ಪ್ರಶ್ನೆ: ನಾವು ಕೆಲವು ಗೆಳೆಯರು ಸೇರಿ ಒಂದು ಆಟ ಮಾಡುತ್ತಿದ್ದೇವೆ. ಸ್ವಲ್ಪ ಕಾಲ ಒಂದೇ ಕನ್ಸೋಲ್‌ಗೆ ಮೀಸಲಿಟ್ಟರೆ ನೆರವು ಸಿಗಬಹುದೆಂಬ ಮಾತಿದೆ. ಒಪ್ಪಬಹುದೇ?
— ಕೋರಮಂಗಲದ ಓದುಗರು

ಉತ್ತರ: ಕಾಲಮಿತಿ ಚಿಕ್ಕದಾಗಿದ್ದರೆ ಒಪ್ಪಿಕೊಳ್ಳಿ ಎನ್ನುತ್ತೇನೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡದ ‘ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್’ 2020ರ ಆಗಸ್ಟ್‌ನಲ್ಲಿ ಮೊದಲು ನಿಂಟೆಂಡೊ ಸ್ವಿಚ್‌ಗೆ ಮಾತ್ರ ಬಂತು, ಅಕ್ಟೋಬರ್‌ನಲ್ಲಿ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಪಿಸಿಗಳಿಗೂ ಬಂತು. ಎರಡು ತಿಂಗಳ ಕಾಯುವಿಕೆಯಿಂದ ಯಾರಿಗೂ ನಷ್ಟವಿಲ್ಲ. ಒಪ್ಪಂದದಲ್ಲಿ ಮೀಸಲು ಅವಧಿ ಯಾವ ದಿನದಿಂದ ಎಣಿಕೆಯಾಗುತ್ತದೆ, ಬಿಡುಗಡೆ ಮುಂದೂಡಿದರೆ ಅದೂ ಮುಂದೆ ಹೋಗುತ್ತದೆಯೇ, ಪಿಸಿ ಅದರೊಳಗೆ ಸೇರಿದೆಯೇ ಎಂಬುದನ್ನು ವಕೀಲರಿಂದ ಓದಿಸಿ. ಸಹಿ ಹಾಕುವುದಕ್ಕೆ ಮೊದಲು ಸಾರ್ವಜನಿಕವಾಗಿ ಮಾತು ಕೊಡಬೇಡಿ: 2002ರಲ್ಲಿ ಗೇಮ್‌ಕ್ಯೂಬ್‌ಗೆಂದು ಐದು ಆಟಗಳನ್ನು ಘೋಷಿಸಿದ ಕ್ಯಾಪ್‌ಕಾಮ್, ಅವುಗಳಲ್ಲಿ ಒಂದನ್ನು ರದ್ದು ಮಾಡಿತು, ಅವುಗಳಲ್ಲೇ ಹೆಚ್ಚು ಹೆಸರಾದ ರೆಸಿಡೆಂಟ್ ಈವಿಲ್ 4 ಗೇಮ್‌ಕ್ಯೂಬ್‌ಗೆ ಬಂದ 2005ರಲ್ಲೇ ಪ್ಲೇಸ್ಟೇಷನ್ 2ಕ್ಕೂ ಹೋಯಿತು.

ಪ್ರಶ್ನೆ: ಮೈಕ್ರೋಸಾಫ್ಟ್ ತನ್ನ ಆಟಗಳನ್ನೇ ಪ್ಲೇಸ್ಟೇಷನ್‌ಗೆ ಕೊಡುತ್ತಿದೆ. ಎಕ್ಸ್‌ಬಾಕ್ಸ್ ಮುಚ್ಚುತ್ತದೆಯೇ?
— ಮಲ್ಲೇಶ್ವರದ ಓದುಗರು

ಉತ್ತರ: ಸೆಗಾ ನೆನಪಾಗಿ ನೀವು ಕೇಳುತ್ತಿರಬಹುದು. 2001ರಲ್ಲಿ ತನ್ನ ಕನ್ಸೋಲ್ ಡ್ರೀಮ್‌ಕಾಸ್ಟ್‌ನ ತಯಾರಿಕೆ ನಿಲ್ಲಿಸಿದ ಸೆಗಾ, ಅದೇ ವರ್ಷ ತನ್ನ ಹೆಸರಾಂತ ಸಾನಿಕ್ ಆಟವನ್ನು ಬದ್ಧ ವೈರಿ ನಿಂಟೆಂಡೊದ ಯಂತ್ರಕ್ಕೆ ಕೊಟ್ಟಿತು. ಆದರೆ ಸೆಗಾ ಸಾಲದಲ್ಲಿ ಮುಳುಗಿ ಹೊರಟಿತು, ಮೈಕ್ರೋಸಾಫ್ಟ್‌ಗೆ ಆ ಗತಿ ಇಲ್ಲ. ಅದು ಯಂತ್ರಕ್ಕಿಂತ ಆಟಗಳ ಮಾರಾಟವನ್ನು ಮುಂದಿಟ್ಟಿದೆ. 2024ರಲ್ಲಿ ನಾಲ್ಕು ಆಟಗಳಿಂದ ಶುರುವಾದದ್ದು, ಎಕ್ಸ್‌ಬಾಕ್ಸ್‌ನ ಗುರುತೇ ಆಗಿದ್ದ ಹೇಲೊ ಆಟ ಪ್ಲೇಸ್ಟೇಷನ್ 5ಕ್ಕೆ ಬರಲಿದೆ ಎಂಬ 2025ರ ಅಕ್ಟೋಬರ್ ಘೋಷಣೆಯವರೆಗೆ ಬಂದಿದೆ. ಆ ಹೇಲೊ ಕೂಡ 1999ರಲ್ಲಿ ಮೊದಲು ಪ್ರದರ್ಶನಗೊಂಡದ್ದು ಆ್ಯಪಲ್ ವೇದಿಕೆಯ ಮೇಲೆ. ಅದನ್ನು ಮಾಡಿದ ಬಂಜಿ ಕಂಪನಿಯನ್ನು ಮೈಕ್ರೋಸಾಫ್ಟ್ 2000ದಲ್ಲಿ ಕೊಂಡಿತು, ಆಮೇಲೆ ಬಿಟ್ಟಿತು, 2022ರಲ್ಲಿ ಅದೇ ಬಂಜಿಯನ್ನು ಸೋನಿ ಕೊಂಡಿತು.